ದೊಡ್ಡ ಟರ್ಬೊ ಹಾಕಿದ ಲಾರಿಯಲ್ಲಿ ಕಲ್ಯಾಣದುರ್ಗಕ್ಕೆ

ಆಶ್ವಯುಜ ಮಾಸ, ಆಯುಧಪೂಜೆ ಕಳೆದು ಬಂದ ಗುರುವಾರ, ಬೆಳಿಗ್ಗೆ ಆರೂವರೆ. ಸ್ಥಳ, ಹಿಂದೂಪುರದ ಮಾರುಕಟ್ಟೆಯ ಹಿಂದಿನ ರಸ್ತೆ. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ, ಅವಳ ತಮ್ಮ. ನಮ್ಮೆದುರು ಅವನ ಆರು ಚಕ್ರದ ಲಾರಿ, ಬೂಸಾ ಚೀಲ ತುಂಬಿ, ಮೇಲೆ ಟಾರ್ಪಾಲು ಬಿಗಿದು ನಿಂತಿತ್ತು.

ಬೂಸಾ ಹೋಗಬೇಕಾದದ್ದು ಕಲ್ಯಾಣದುರ್ಗದ ಒಂದು ಅಂಗಡಿಗೆ. ನನ್ನ ಹೆಂಡತಿ ಹೊರಟದ್ದು ಅದೇ ಊರಿನಲ್ಲಿರುವ ತನ್ನ ಅಕ್ಕನ ಮನೆಗೆ. ನಾನು ಹೊರಟದ್ದು ಟರ್ಬೊ ನೋಡಲು.

ಟರ್ಬೊ ಎಂದರೆ ಇಂಜಿನ್ನು ಉಗುಳುವ ಹೊಗೆಯ ರಭಸಕ್ಕೇ ತಿರುಗಿ, ಹೊರಗಿನ ಗಾಳಿಯನ್ನು ಒತ್ತಿ ಮತ್ತೆ ಇಂಜಿನ್ನಿಗೇ ತುಂಬುವ ಫ್ಯಾನು. ಹಳೆಯದರ ಮೈ ಸೀಳಿತ್ತು. ಬಾಮೈದ ಅದನ್ನು ಗುಜರಿಗೆ ಹಾಕಿ, ಗ್ಯಾರೇಜಿನವನ ಮಾತು ಕೇಳಿ, ಯಾವುದೋ ದೊಡ್ಡ ಗಾಡಿಯಿಂದ ಬಿಚ್ಚಿದ ದೊಡ್ಡ ಟರ್ಬೊ ಕೂರಿಸಿದ್ದ. ಬೋಲ್ಟಿನ ತೂತುಗಳು ಸರಿಯಾಗಿ ಕೂತವಂತೆ. ತೂತು ಕೂತರೆ ಎಲ್ಲವೂ ಕೂತ ಹಾಗೆ ಎಂಬುದು ಆ ಗ್ಯಾರೇಜಿನ ನ್ಯಾಯ. ಡೀಸೆಲ್ ಪಂಪು ಮಾತ್ರ ಗಾಡಿಯ ಜೊತೆ ಬಂದದ್ದೇ, ಚಿಕ್ಕ ಟರ್ಬೊಗೆ ಅಳತೆ ಮಾಡಿ ಇಟ್ಟದ್ದು. ಇವೆರಡೂ ಜೋಡಿ ಆಗುತ್ತವೆಯೇ ಎಂಬುದೇ ನನ್ನ ಚಿಂತೆ.

ಚಿಂತೆಗೆ ಕಾರಣವಿತ್ತು. ಮಾರನೆಯ ದಿನ ಬೆಳಗಾಗುವ ಮೊದಲೇ ಅವನು ಕಲ್ಯಾಣದುರ್ಗದಿಂದ ಕಡಲೆಕಾಯಿ ತುಂಬಿಕೊಂಡು ಕೊಲ್ಲಾಪುರಕ್ಕೆ ಹೊರಡುವವನಿದ್ದ. ತುಂಬು ಲೋಡು, ದಾರಿಯಲ್ಲಿ ಘಟ್ಟ. ಆ ಇಂಜಿನ್ನು ಹೋದರೆ ಅವನಿಗೆ ಬೇರೆ ದುಡಿಮೆ ಇಲ್ಲ. ಐವತ್ತೆಂಟರ ವಯಸ್ಸಿನಲ್ಲಿ ಇನ್ನೊಬ್ಬರ ಗಾಡಿ ಓಡಿಸುವ ಜೀವವೂ ಅವನದಲ್ಲ.

ಬಸ್ ಡಿಪೋದ ಕೆಲಸದಲ್ಲಿ ನನಗೆ ಕಲಿಸಿದ ಕ್ರಮ ಒಂದೇ: ಮೊದಲು ಎಣ್ಣೆ, ಆಮೇಲೆ ನೀರು, ಆಮೇಲೆ ಗಾಳಿ, ಕೊನೆಗೆ ಬಾಯಿ. ನಿವೃತ್ತನಾದ ಮೇಲೂ ಅದನ್ನು ಬಿಟ್ಟಿಲ್ಲ. ಕಡ್ಡಿ ಎಳೆದು ಎಣ್ಣೆ ನೋಡಿದೆ. ರೇಡಿಯೇಟರಿನ ನೀರು ನೋಡಿದೆ. ಟೈರುಗಳನ್ನು ತಟ್ಟಿದೆ. ಬಾನೆಟ್ಟಿನ ಕೆಳಗೆ ಟರ್ಬೊದ ಮೈಮೇಲೆ ಆಯುಧಪೂಜೆಯ ಅರಿಸಿನ ಕುಂಕುಮ ಇನ್ನೂ ಇತ್ತು. ಕುಂಬಳಕಾಯಿಯ ಒಂದು ಬೀಜವೂ ಅಂಟಿಕೊಂಡಿತ್ತು. ಅದರ ಆಚೆ ಪಂಪಿನ ಕಡೆ ಕಣ್ಣು ಹೋಯಿತು. ಪಂಪು ಇಂಜಿನ್ನಿಗೆ ಹೆಚ್ಚೆಂದರೆ ಎಷ್ಟು ಡೀಸೆಲ್ ಕೊಡಬೇಕು ಎಂದು ನಿಲ್ಲಿಸುವ ಒಂದು ಸ್ಕ್ರೂ ಇರುತ್ತದೆ. ಅದನ್ನು ಯಾರೂ ಮುಟ್ಟಬಾರದೆಂದು ತಂತಿ ಪೋಣಿಸಿ ಸೀಸದ ಸೀಲು ಹಾಕಿರುತ್ತಾರೆ. ಸೀಲು ಇರಲಿಲ್ಲ.

"ಸೀಲು ಎಲ್ಲೋ?"

"ಉದುರಿ ಹೋಗಿರಬೇಕು ಭಾವ. ಹಳೇ ಗಾಡಿ ಅಲ್ವಾ."

"ಸೀಸದ ಸೀಲು ಹಲ್ಲಲ್ಲ, ವಯಸ್ಸಾಯ್ತು ಅಂತ ಉದುರೋಕೆ."

"ಬೆಳಿಗ್ಗೇನೆ ಪಂಚಾಯ್ತಿ ಬೇಡ," ಎಂದಳು ನನ್ನ ಹೆಂಡತಿ, ಆಗಲೇ ಕ್ಯಾಬಿನ್ ಹತ್ತಿ ಕುಳಿತು. "ಅಕ್ಕ ಮಧ್ಯಾಹ್ನಕ್ಕೆ ಮುದ್ದೆ ಮಾಡಿ ಕಾಯ್ತಾಳೆ. ಹತ್ತಿ."

ಅವನು ಪಂಪು ಮುಟ್ಟಿಸಿಲ್ಲ ಎಂದೇ ಸಾಧಿಸಿದ. ನನಗೆ ನಂಬಿಕೆ ಬರಲಿಲ್ಲ. ಬೂಸಾ ಹಗುರವೇ ಎಂದು ಸಮಾಧಾನ ಹೇಳಿಕೊಂಡು, ಕಿಟಕಿಯ ಪಕ್ಕ, ಹಿಂದಿನ ಹೊಗೆ ಕನ್ನಡಿಯಲ್ಲಿ ಕಾಣುವ ಹಾಗೆ ಕುಳಿತೆ.

ಊರು ದಾಟುವುದರೊಳಗೇ ನನ್ನ ಅನುಮಾನ ಬೆಳೆಯಿತು. ಸಿಗ್ನಲ್ಲಿನಲ್ಲಿ ನಿಂತು ಹೊರಟರೆ ಗಾಡಿ ಏಳುವುದಿಲ್ಲ. ಒಂದೆರಡು ಕ್ಷಣ ಸುಮ್ಮನಿದ್ದು, ಕರ್ರಗೆ ಒಂದು ಕಂತೆ ಹೊಗೆ ಬಿಟ್ಟು, ಆಮೇಲೆ ಹೊರಡುತ್ತದೆ. ನಮ್ಮ ಹಿಂದಿದ್ದ ಆಟೋದವನು ಪಕ್ಕಕ್ಕೆ ಬಂದು ಮೂಗು ಮುಚ್ಚಿಕೊಂಡು, "ಅಣ್ಣಾ, ಇಟ್ಟಿಗೆ ಬಟ್ಟಿನಾ?" ಎಂದು ಕೂಗಿ ಮುಂದೆ ಹೋದ.

"ಲೇ, ಏರು ಬರ್ಲಿ ತಡಿ," ಎಂದ ಬಾಮೈದ, ಆಟೋ ಕಣ್ಮರೆಯಾದ ಮೇಲೆ.

ದೊಡ್ಡ ಟರ್ಬೊ ತಿರುಗಬೇಕಾದರೆ ಹೆಚ್ಚು ಹೊಗೆಯ ರಭಸ ಬೇಕು. ಪಂಪಿನ ಡೀಸೆಲ್ಲು ಮೊದಲಿನಷ್ಟೇ ಇದ್ದರೆ, ಇಂಜಿನ್ನು ನಿಧಾನವಾಗಿ ತಿರುಗುವಾಗ ಆ ರಭಸ ಹುಟ್ಟುವುದೇ ಇಲ್ಲ. ಡ್ರೈವರಿಗೆ ಪಿಕಪ್ ಇಲ್ಲ ಅನ್ನಿಸುತ್ತದೆ. ಗ್ಯಾರೇಜಿಗೆ ವಾಪಸ್ ಹೋಗುತ್ತಾನೆ. ಅಲ್ಲಿ ಯಾರೋ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸುತ್ತಾರೆ. ಗಾಳಿ ಬರುವ ಮೊದಲೇ ಡೀಸೆಲ್ಲು ಸುರಿಯುತ್ತದೆ. ಊದುವವರಿಲ್ಲದ ಒಲೆಗೆ ಸೌದೆ ತುರುಕಿದ ಹಾಗೆ ಕಪ್ಪು ಹೊಗೆ. ಊರೊಳಗೆ ಅದು ಬರೀ ಹೊಗೆ. ಉದ್ದದ ಏರಿನಲ್ಲಿ ಅದು ಶಾಖ. ಪಿಸ್ಟನ್ನಿನ ನೆತ್ತಿಗೆ ಹತ್ತುವ ಆ ಶಾಖ ನೀರಿನ ಮೀಟರಿನಲ್ಲಿ ಬೇಗ ಕಾಣುವುದಿಲ್ಲ. ಡಿಪೋದಲ್ಲಿ ಅಂಥ ಒಂದು ಪಿಸ್ಟನ್ನನ್ನು ಕೈಯಲ್ಲಿ ಹಿಡಿದಿದ್ದೇನೆ. ಬಿಸಿಲಲ್ಲಿಟ್ಟ ಬೆಲ್ಲದ ಅಚ್ಚಿನ ಹಾಗೆ ಒಂದು ಬದಿ ಇಳಿದುಹೋಗಿತ್ತು.

ಇದನ್ನೆಲ್ಲ ಮಡಕಶಿರಾದವರೆಗೂ ಅವನಿಗೆ ಹೇಳಿದೆ. ಅವನು ಹೂಂಗುಟ್ಟುತ್ತಿದ್ದ. ಸಪಾಟು ರಸ್ತೆಯಲ್ಲಿ ಗಾಡಿ ಚೆನ್ನಾಗಿಯೇ ಓಡಿತು, ಅದೇ ನನ್ನ ಮಾತಿಗೆ ಶತ್ರುವಾಯಿತು.

"ನೋಡಿ ಭಾವ, ಹೆಂಗೆ ಹೋಯ್ತಾ ಐತೆ. ಹೊಗೆ ಐತಾ?"

"ಇಲ್ಲ."

"ಮತ್ತೆ?"

"ಏರು ಬರಲಿ."

"ನಾನೂ ಅದ್ನೇ ಹೇಳಿದ್ದು!"

ಮಡಕಶಿರಾ ದಾಟಿ ಪಾವಗಡದ ಕಡೆಗೆ ಹೋಗುವಾಗ ಒಂದು ಉದ್ದದ ಏರು ಸಿಗುತ್ತದೆ. ತುದಿಯಲ್ಲಿ ಆಂಜನೇಯನ ಸಣ್ಣ ಗುಡಿ. ಈ ಕಡೆಯ ಹಳೆಯ ಲಾರಿ ಡ್ರೈವರುಗಳಲ್ಲಿ ಒಂದು ಪಂಥವಿದೆ: ಲೋಡು ಗಾಡಿಯನ್ನು ಬುಡದಿಂದ ಗುಡಿಯವರೆಗೆ ಟಾಪ್ ಗೇರಿನಲ್ಲೇ ಹತ್ತಿಸಬೇಕು. ಮಧ್ಯದಲ್ಲಿ ಗೇರ್ ಇಳಿಸಿದವನು ಮುಂದಿನ ಟೀ ಅಂಗಡಿಯಲ್ಲಿ ಎಲ್ಲರಿಗೂ ಟೀ ಕುಡಿಸಬೇಕು, ಅವರ ನಗೆಯನ್ನೂ ಸಹಿಸಬೇಕು. ಬಾಮೈದ ಹರೆಯದಲ್ಲಿ ಇದರಲ್ಲಿ ಹೆಸರು ಮಾಡಿದವನು. ಹಳೆಯ ಟರ್ಬೊ ಸೋತ ಮೇಲೆ ಎರಡು ವರ್ಷದಿಂದ ಟೀ ಕುಡಿಸುತ್ತಿದ್ದ. ದೊಡ್ಡ ಟರ್ಬೊ ಯಾಕೆ ಬಂತು ಎಂದು ನನಗೆ ಆ ಏರಿನ ಬುಡದಲ್ಲಿ ಅವನ ಮುಖ ನೋಡಿದಾಗ ತಿಳಿಯಿತು. ಬೆನ್ನು ನೆಟ್ಟಗೆ ಮಾಡಿ, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಕಾಲನ್ನು ಪೂರ್ತಿ ಒತ್ತಿದ.

ಮೊದಲ ತಿರುವಿನವರೆಗೆ ಬಂದ ವೇಗವೇ ಎಳೆಯಿತು. ಆಮೇಲೆ ಇಂಜಿನ್ನಿನ ಸದ್ದು ಇಳಿಯತೊಡಗಿತು. ಕನ್ನಡಿ ನೋಡಿದೆ. ಹಿಂದಿನ ರಸ್ತೆಯೇ ಇಲ್ಲ, ಎಮ್ಮೆಯ ಬಣ್ಣದ ಹೊಗೆ.

"ಗೇರ್ ಇಳಿಸು."

"ಹತ್ತುತ್ತೆ ಭಾವ."

"ಟರ್ಬೊದ ಸಿಳ್ಳೆ ಕೇಳ್ತಾ ಇದೆಯಾ? ಇಲ್ಲ. ಗಾಳಿ ಇಲ್ಲ. ಇಳಿಸು."

"ಈಗ ಬತ್ತದೆ. ಇನ್ನೊಂಚೂರು."

ಇಂಜಿನ್ನು ಒಂದೊಂದೇ ಏಟು ಎಣಿಸಬಹುದಾದಷ್ಟು ನಿಧಾನವಾಯಿತು. ಕ್ಯಾಬಿನ್ನಿನೊಳಗೇ ಚಾಚಿದ ಬಾನೆಟ್ಟಿನ ಪಕ್ಕ ಕುಳಿತಿದ್ದ ಹೆಂಡತಿ ಕಾಲು ಹಿಂದಕ್ಕೆ ಎಳೆದುಕೊಂಡಳು. ನಾನು ಗದರಿದರೆ ಅವನು ಇನ್ನೂ ಒತ್ತುತ್ತಾನೆ, ಸುಮ್ಮನಿದ್ದರೂ ಒತ್ತುತ್ತಾನೆ. ಅಕ್ಕನ ಎದುರು, ಭಾವನ ಮಾತಿಗೆ, ಆ ಏರಿನಲ್ಲಿ ಅವನು ಗೇರ್ ಇಳಿಸುವುದಿಲ್ಲ. ಅದು ನನಗೆ ಖಚಿತವಿತ್ತು. ಇಂಜಿನ್ನಿನೊಳಗೆ ಬೆಲ್ಲ ಕರಗುತ್ತಿರುವುದು ನನ್ನ ಕಣ್ಣ ಮುಂದೆಯೇ ಇತ್ತು.

ಆಗ ಅವಳು ಕೂಗಿದಳು: "ನಿಲ್ಸೋ, ನಿಲ್ಸೋ! ಸೀತಾಫಲ!"

ರಸ್ತೆಯ ಬದಿಯಲ್ಲಿ ಒಬ್ಬ ಹೆಂಗಸು ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು.

"ಅಕ್ಕ, ಏರಲ್ಲಿ ನಿಲ್ಸೋಕಾಗಲ್ಲ ಕಣಮ್ಮ!"

"ಬರಿಗೈಲಿ ಅಕ್ಕನ ಮನೆಗೆ ಹೋಗ್ಲಾ? ನಿಲ್ಸೋ ಅಂದ್ರೆ!"

ಅವನು ಬೈದುಕೊಳ್ಳುತ್ತಲೇ ಬದಿಗೆ ಹೊಡೆದು ನಿಲ್ಲಿಸಿದ. ಕೈ ಅಭ್ಯಾಸದಂತೆ ಕೀಲಿಗೆ ಹೋಯಿತು. ನಮ್ಮ ಡ್ರೈವರುಗಳಿಗೆ ಗಾಡಿ ಆಫ್ ಮಾಡುವ ಮೊದಲು ಒಂದು ಸಲ ಜೋರಾಗಿ ರೇಸ್ ಕೊಡುವ ಚಟ. ಇಂಜಿನ್ನು ನಿಂತು ಎಣ್ಣೆ ಬರುವುದು ನಿಂತ ಮೇಲೂ ಕಾದ ಟರ್ಬೊ ಒಣಗಿ ತಿರುಗುತ್ತಿರುತ್ತದೆ. ಕೈ ಹಿಡಿದುಕೊಂಡೆ. "ರೇಸೂ ಬೇಡ, ಆಫೂ ಬೇಡ. ಸುಮ್ಮನೆ ಆಡುತ್ತಿರಲಿ, ತಣಿಯಲಿ." ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ.

ಹೆಂಡತಿಗೆ ಅವಸರವೇ ಇರಲಿಲ್ಲ. ಒಂದೊಂದು ಹಣ್ಣನ್ನೂ ಒತ್ತಿ ನೋಡಿದಳು. ಮಾರುವವಳು, "ತೀಸ್ಕೋಮ್ಮಾ, ಮಂಚಿ ಕಾಯಲು," ಒಳ್ಳೇ ಹಣ್ಣು ತಗೊಳ್ಳಮ್ಮ ಎಂದರೆ, ಇವಳು ತೆಲುಗಿನಲ್ಲೇ, ನನ್ನ ಕೈಗೆ ಒಪ್ಪಿದ ಹಣ್ಣು ಮಾತ್ರ ಕೊಡು ಎಂದಳು. ಬಾಮೈದ ಕ್ಯಾಬಿನ್ನಿನಿಂದ ತಲೆ ಹೊರಗೆ ಹಾಕಿ, "ಅಕ್ಕ, ಹಣ್ಣು ತಗೋತಿದೀಯಾ, ಅಳಿಯನ್ನ ತಗೋತಿದೀಯಾ?" ಎಂದ. ನಾನು ಬಾನೆಟ್ಟಿನ ಅಂಚು ಎತ್ತಿ ಮೂಗು ಒಡ್ಡಿದೆ. ಕಾದ ಕಬ್ಬಿಣದ ವಾಸನೆ ಇತ್ತು. ಸುಟ್ಟ ಎಣ್ಣೆಯ ವಾಸನೆ ಇರಲಿಲ್ಲ. ಇಂಜಿನ್ನಿನ ಏಟು ಸಮವಾಗಿತ್ತು. ಸದ್ಯಕ್ಕೆ ಇಂಜಿನ್ನು ಉಳಿದಿತ್ತು.

ಕಲ್ಲು ತೆಗೆದು ರಸ್ತೆಯಾಚೆ ಎಸೆದೆ. ಏರಿನ ನಡುವೆ ನಿಂತ ಗಾಡಿ ಟಾಪ್ ಗೇರಿನಲ್ಲಿ ಹೊರಡುವುದಿಲ್ಲ. ಒಂದನೇ ಗೇರಿನಿಂದಲೇ ಹೊರಡಬೇಕು. ಅದರಲ್ಲಿ ಯಾರಿಗೂ ಅವಮಾನವಿಲ್ಲ. ಒಂದು, ಎರಡು, ಮೂರು. ಮೂರರಲ್ಲಿ ಇಂಜಿನ್ನು ಚುರುಕಾಗಿ ತಿರುಗತೊಡಗಿದಾಗ ಮೊದಲ ಬಾರಿಗೆ ಟರ್ಬೊದ ಸಿಳ್ಳೆ ಎದ್ದಿತು. ಕನ್ನಡಿಯಲ್ಲಿ ಹೊಗೆ ತೆಳುವಾಗಿ, ರಸ್ತೆ ಕಾಣಿಸಿ, ಬುಟ್ಟಿಯವಳೂ ಕಾಣಿಸಿದಳು. ಗಾಡಿ ನಮ್ಮನ್ನು ಸೀಟಿಗೆ ಒತ್ತಿಕೊಂಡು ಹತ್ತಿತು. ಇದು ನಾನು ನೆನೆಸಿರದಷ್ಟು ಚೆನ್ನಾಗಿತ್ತು, ಅದನ್ನೂ ಹೇಳಿದೆ.

"ಹಂಗಾದ್ರೆ ಟರ್ಬೊ ಒಳ್ಳೇದೇ ಅನ್ನಿ," ಎಂದ ಅವನು.

"ಮೂರರಲ್ಲಿ ಒಳ್ಳೇದು. ಟಾಪಿನಲ್ಲಿ ಯಮ."

ಗುಡಿಯ ಮುಂದೆ ಅವನು ನಿಲ್ಲಿಸದೆ ಬರೀ ಕೈಮುಗಿದ. ಸ್ವಲ್ಪ ದೂರ ಹೋದ ಮೇಲೆ, ರಸ್ತೆ ನೋಡುತ್ತಲೇ ಹೇಳಿದ: "ಆ ಸ್ಕ್ರೂನ ಮುಕ್ಕಾಲು ಸುತ್ತು ತಿರುಗಿಸ್ಬುಟ್ಟ ಭಾವ, ಗ್ಯಾರೇಜಿನೋನು. ನಾನೇ ಹೇಳ್ದೆ."

ಪಾವಗಡದಾಚೆ ಬಯಲಿನ ತುಂಬ ಸೋಲಾರ್ ಹಲಗೆಗಳು, ಆಮೇಲೆ ಗುಡ್ಡದ ಮೇಲಿನ ಗಾಳಿ ಫ್ಯಾನುಗಳು. ಅವನು ಅಲ್ಲಿಂದ ಮುಂದೆ ಸಣ್ಣ ಏರಿಗೂ ಗೇರ್ ಇಳಿಸಿದ. ಆದರೆ ನಾಳೆ ಪಕ್ಕದಲ್ಲಿ ನಾವಿಬ್ಬರೂ ಇರುವುದಿಲ್ಲ ಎಂಬ ಲೆಕ್ಕ ನನ್ನ ತಲೆಯಿಂದ ಇಳಿಯಲಿಲ್ಲ.

ಕಲ್ಯಾಣದುರ್ಗದಲ್ಲಿ ಬೂಸಾ ಇಳಿಸಿ, ಅಕ್ಕನ ಮನೆಯಲ್ಲಿ ಮುದ್ದೆ ಉಂಡದ್ದಾಯಿತು. ಸಂಜೆ ಅವರ ಮನೆಯ ಪಕ್ಕದ ಬಯಲಲ್ಲಿ ನಿಂತಿದ್ದ ಲಾರಿಯ ಬಳಿ ಮೂವರೂ ಸೇರಿದೆವು. ನಾನು ತೀರ್ಪು ಹೇಳಿದೆ: ಸರಿಯಾದ ಅಳತೆಯ ಟರ್ಬೊ ಹಿಂದೂಪುರಕ್ಕೆ ತರಿಸುವವರೆಗೆ ಗಾಡಿ ನಿಲ್ಲಿಸು.

"ಬಾಡಿಗೆ ಒಪ್ಕೊಂಡಿದೀನಿ, ನಿಲ್ಸಲ್ಲ. ಪೂಜೆ ಮಾಡಿರೋ ಸಾಮಾನು ವಾರದೊಳಗೇ ಬಿಚ್ಚಬಾರದು. ಬಿಚ್ಚಲ್ಲ," ಎಂದ ಬಾಮೈದ. ಅವನ ದನಿಯಲ್ಲಿ ಹಟವಿರಲಿಲ್ಲ, ಭಯವಿತ್ತು. ಪೂಜೆಯ ವಿಷಯದಲ್ಲಿ ನಾನು ವಾದ ಮಾಡಲಾರೆ. ಕತ್ತಲಾಗುತ್ತಿತ್ತು.

ಹೆಂಡತಿ ಸೀತಾಫಲದ ಬೀಜ ಉಗುಳಿ ಕೇಳಿದಳು: "ಪೂಜೆ ಮಾಡಿದ್ದು ಟರ್ಬೊಗೆ ತಾನೆ? ಸ್ಕ್ರೂಗೂ ಕುಂಕುಮ ಇಟ್ಟಿದ್ಯಾ?"

ಅವನು ಯೋಚಿಸಿದ. "ಸ್ಕ್ರೂಗೆ ಇಟ್ಟಿಲ್ಲ."

"ಮತ್ತೆ ಸ್ಕ್ರೂ ತಿರುಗಿಸೋಕೇನು ರೋಗ? ನಿಮ್ಮಿಬ್ರಿಗೆ ಬುದ್ಧಿ ಹೇಳೋಕೆ ಒಂದು ಬುಟ್ಟಿ ಹಣ್ಣು ಖರ್ಚಾಯ್ತು."

ಸ್ಕ್ರೂ, ಅದರ ನಟ್ಟು, ಪಂಪಿನ ಮೈ, ಮೂರರ ಮೇಲೂ ಹಾಯುವಂತೆ ಪಂಪಿಗೆ ಅಳತೆ ಇಟ್ಟವರು ಎಳೆದಿದ್ದ ಹಳದಿ ಬಣ್ಣದ ಗೆರೆ ಇನ್ನೂ ಅಳಿಸಿರಲಿಲ್ಲ. ಮುರಿದ ಗೆರೆ ಕೂಡಿಕೊಂಡರೆ ಡೀಸೆಲ್ಲು ಮೊದಲಿನ ಅಳತೆಗೆ ಬಂತೆಂದೇ ಅರ್ಥ. ಆಗ ಈ ಟರ್ಬೊ ಸೋಮಾರಿಯಾಗಿರುತ್ತದೆ, ಪಿಕಪ್ ಇರುವುದಿಲ್ಲ, ಏರಿಗೆಲ್ಲ ಗೇರ್ ಇಳಿಸಬೇಕಾಗುತ್ತದೆ. ಇಳಿಸದೆ ಹಟ ಮಾಡಿದರೆ ಗಾಡಿ ನಿಂತುಹೋಗುತ್ತದೆ, ಸುಟ್ಟುಹೋಗುವುದಿಲ್ಲ. ಇದನ್ನು ಅವನಿಂದ ಎರಡು ಸಲ ಹೇಳಿಸಿ ಕೇಳಿದೆ.

"ಟೀ ಕುಡಿಸ್ಬೇಕಾಯ್ತದೆ," ಎಂದ.

"ಕುಡಿಸು."

ಅವನು ಟಾರ್ಚು ಹಿಡಿದ. ನಾನು ಜೊತೆಗೆ ತಂದಿದ್ದ ಸಾಮಾನಿನ ಚೀಲದಿಂದ ಎರಡು ಸ್ಪ್ಯಾನರು ತೆಗೆದು, ನಟ್ಟು ಸಡಿಲಿಸಿ, ಸ್ಕ್ರೂವನ್ನು ಹಿಂದಕ್ಕೆ ತಂದೆ. ಗೆರೆ ಒಂದು ಕೂದಲಿನಷ್ಟು ಮುಂದೆ ಹೋಯಿತು, ಮತ್ತೆ ತಂದೆ. ಕೂಡಿತು. ನಟ್ಟು ಬಿಗಿದು, ತಾಮ್ರದ ತಂತಿ ಪೋಣಿಸಿ, ಡಿಪೋದಲ್ಲಿ ಹಾಕುತ್ತಿದ್ದ ಹಾಗೆ ಹೆಣೆದು ಗಂಟು ಹಾಕಿದೆ. ಅದನ್ನು ಬಿಚ್ಚಿದವನಿಗೆ ಮತ್ತೆ ಹಾಗೇ ಹಾಕಲು ಬರುವುದಿಲ್ಲ.

"ನನ್ ಮೇಲೆ ನಂಬಿಕೆ ಇಲ್ವಾ ಭಾವ?"

"ನಿನ್ನ ಮೇಲಿದೆ. ನಿನ್ನ ಕಾಲಿನ ಮೇಲಿಲ್ಲ."

ಬಾಮೈದ ಕ್ಯಾಬಿನ್ ಹತ್ತಿ ಸೆಲ್ಫ್ ಹೊಡೆದ. ರೇಸ್ ಕೊಟ್ಟಾಗ ತುಸು ಬೂದು ಹೊಗೆ ಬಂದು ತಿಳಿಯಾಯಿತು. ಕೆಲವು ನಿಮಿಷ ಹಾಗೇ ಆಡಲು ಬಿಟ್ಟ. ಆಮೇಲೆ ಕಾಲನ್ನು ಪೆಡಲಿನಿಂದ ಎತ್ತಿ, ನನಗೆ ಕಾಣುವ ಹಾಗೆ ಬಾಗಿಲಿನಿಂದ ಹೊರಗೆ ಇಳಿಬಿಟ್ಟು, ಕೀಲಿ ತಿರುಗಿಸಿದ. ಸದ್ದು ಒಮ್ಮೆಗೇ ನಿಂತಿತು.

ಉಳಿದಿದ್ದ ಸೀತಾಫಲಗಳಲ್ಲಿ ಎರಡನ್ನು ಹೆಂಡತಿ ಸ್ಟೇರಿಂಗಿನ ಮುಂದೆ ಇಟ್ಟಳು. ನಾನು ಎರಡು ಸ್ಪ್ಯಾನರನ್ನೂ ಒರೆಸಿ, ಚೀಲದಲ್ಲಿ ಅವುಗಳ ಜಾಗಕ್ಕೆ ಸೇರಿಸಿ, ಚೀಲದ ಬಾಯಿ ಕಟ್ಟಿದೆ.