ಅಕ್ಕನ ಕಂಕುಳಿನ ಗಂಟು

ಅಕ್ಕನ ಎದೆಯಲ್ಲಿ ಗಂಟು ಕೈಗೆ ಸಿಕ್ಕಾಗ ಅವಳ ಮಗಳು ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಅಕ್ಕನ ಗಂಡನದು ಬ್ಯಾಡಗಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ಡಿಗ್ರಿ ಓದಿದವರು. ಔಷಧದ ಡಬ್ಬಿಯ ಮೇಲೇನಿದೆ ಎಂದು ರೈತರು ಅವರ ಹತ್ತಿರವೇ ಓದಿಸಿಕೊಳ್ಳುತ್ತಿದ್ದರು.

ರಾಣೆಬೆನ್ನೂರಿನಲ್ಲಿ ಸ್ಕ್ಯಾನಿಂಗ್ ಮಾಡಿದ ಡಾಕ್ಟರು ಎದೆ ನೋಡಿ ಮುಗಿಸಿ ಕಂಕುಳಿಗೆ ಬಂದವರು ಅಲ್ಲೇ ನಿಂತುಬಿಟ್ಟರು. ತಂಗಿಯಾದ ನಾನು ಅಕ್ಕನ ಕಾಲ ಬಳಿ ನಿಂತಿದ್ದೆ. ಅಲ್ಲಿನ ಗ್ರಂಥಿಗಳು ಅಲಸಂದಿ ಕಾಳಿನ ಹಾಗೆ ಉದ್ದಕ್ಕಿರಬೇಕು, ಇವು ಊದಿ ಗುಂಡಗಾಗಿವೆ ಎಂದು ಪರದೆಯ ಮೇಲೆ ತೋರಿಸಿದರು. ಸೂಜಿ ಚುಚ್ಚಿ ತೆಗೆದ ಚೂರಿನಲ್ಲೂ ಅದೇ ಕಂಡಿತು.

"ಕಂಕುಳಿಗೆ ಹರಡೇತಿ. ಮುಂದ ಎಲ್ಲೆರ ಹೋಗೇತೇನು ನೋಡಬೇಕು. ಹುಬ್ಬಳ್ಳಿಗೆ ಹೋಗಿ ಪೆಟ್ ಸ್ಕ್ಯಾನ್ ಮಾಡಿಸ್ಕೊಂಡು ಬರ್ರಿ."

ಹುಬ್ಬಳ್ಳಿಯಲ್ಲಿ ನರಕ್ಕೆ ವಿಕಿರಣದ ಔಷಧ ಕೊಟ್ಟು ಇಡೀ ಮೈಯ ಚಿತ್ರ ತೆಗೆದರು. ಹೊರಡುವಾಗ ನರ್ಸ್ ಅಕ್ಕ, ಅವಳ ಗಂಡ, ನಾನು ಮೂವರಿಗೂ ಕೇಳುವಂತೆ ಹೇಳಿದಳು: "ಇವತ್ತೊಂದಿನ ಸಣ್ಣ ಮಕ್ಕಳನ್ನ ಎತ್ಕೋಬ್ಯಾಡ್ರಿ. ನಾಳಿಂದ ಏನೂ ಇಲ್ಲ."

ಮನೆ ಮುಟ್ಟಿದಾಗ ಮಗಳು ಓಡಿಬಂದಳು. ಅಕ್ಕನ ಗಂಡ ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದರು. "ಅವ್ವನ ಮುಟ್ಟಬ್ಯಾಡ. ಡಾಕ್ಟರು ಹೇಳ್ಯಾರ, ಅದು ಹರಡತೈತಿ." ಮರುದಿನವೂ ಅದೇ ಮಾತು. ಅದರ ಮರುದಿನವೂ.

ಅಂಗಡಿಗೆ ಹೋಗಿ ಕೇಳಿದೆ. "ಒಂದಿನ ಅಂದಿದ್ರಲ್ಲ ಮಾಮಾ. ನೀವೂ ಅಲ್ಲೇ ಇದ್ರಿ."

ಅವರು ಬೀಜದ ಪಾಕೀಟು ಜೋಡಿಸುತ್ತಲೇ ಇದ್ದರು. "ಕೇಳೇನಿ. ಹೆಂಗೂ ಹೋಗಾಕಿ. ಕೂಸಿಗೆ ಈಗಿಂದನ ರೂಢಿ ಆಗ್ಲಿ."

ಚಿತ್ರದಲ್ಲಿ ಕಂಕುಳು ಬಿಟ್ಟು ಬೇರೆಲ್ಲೂ ರೋಗ ಕಾಣಲಿಲ್ಲ. ಫೋನಿನಲ್ಲಿ ಹೇಳಿದಾಗ ಮಾಮಾ "ಖರೇ ಏನು?" ಎಂದಷ್ಟೇ ಕೇಳಿದರು. ಅಕ್ಕನನ್ನು ಹಾವೇರಿಗೆ ನನ್ನ ಮನೆಗೆ ಕರೆತಂದೆ. ಕಿಮೋ ಆಯಿತು, ಆಪರೇಷನ್ ಆಯಿತು. ಗ್ರಂಥಿ ತೆಗೆದ ಕಡೆಯ ಕೈ ಬಾತುಕೊಂಡಿತು. ಅಕ್ಕ ಉಳಿದಳು.

ಕೂದಲು ಬಂದ ಮೇಲೆ ಬ್ಯಾಡಗಿಗೆ ಬಿಡಲು ಹೋದೆ. ಮಗಳು ಫ್ರಾಕಿನ ಅಂಚಿನಿಂದ ಮೂಗು ಮುಚ್ಚಿಕೊಂಡು ಕದದ ಹಿಂದೆ ಸರಿದಳು. ಅಕ್ಕ ಕಟ್ಟೆಯ ಮೇಲೆ ಕುಳಿತಳು.

"ವಾಪಸ್ ಹೋಗೂಣ ಬಾ," ಅಂದೆ.

"ಅದು ನನ್ನ ಕೂಸು. ನಾ ಇಲ್ಲೇ ಇರ್ತೇನಿ. ನೀ ಹೋಗು."

ಈಗಲೂ ಅವಳು ಆ ಮನೆಯಲ್ಲೇ ಇದ್ದಾಳೆ. ಮಗಳು ಶಾಲೆಗೆ ಹೊರಡುವ ಮುಂಚೆ ಜಡೆ ಹಾಕಿಸಿಕೊಳ್ಳಲು ಪಕ್ಕದ ಮನೆಗೆ ಹೋಗುತ್ತಾಳೆ.