ಶಿವರಾತ್ರಿಯ ಬರ್ಗರ್

ನನಗೆ ಮೊದಲಿನಿಂದಲೂ ಸಂಶಯ ಜಾಸ್ತಿ. ಹಾಲಿನವನು ಹಾಲು ಅಳೆಯುವಾಗ ಅವನ ಹೆಬ್ಬೆರಳು ನೋಡುತ್ತೇನೆ. ಆಟೋದವನು ಮೀಟರ್ ಹಾಕಿದರೂ ಯಾವ ರಸ್ತೆ ಹಿಡಿದ ಅಂತ ನೋಡುತ್ತೇನೆ. ನಾನು ಬೀದರ್ ಕಡೆಯವಳು. ಕೇಂದ್ರ ಸರಕಾರದ ನೌಕರಿಯಲ್ಲಿದ್ದ ಗಂಡನ ಬೆನ್ನು ಹತ್ತಿ ಊರೂರು ತಿರುಗಿ, ಕಡೆಗೆ ನಾಸಿಕಿನ ದೇವಳಾಲಿ ಕ್ಯಾಂಪಿನಲ್ಲಿ ಮನೆ ಮಾಡಿಕೊಂಡು ನಿಂತವಳು. ಹೋದ ಹೋದ ಊರಿನಲ್ಲೆಲ್ಲ ಹೊಸ ಅಂಗಡಿ, ಹೊಸ ತಕ್ಕಡಿ. ಸಂಶಯ ಪಡದಿದ್ದರೆ ನನ್ನ ಸಂಸಾರ ನಡೆಯುತ್ತಿರಲಿಲ್ಲ. ಆದರೆ ನನ್ನ ಮಗಳೇ ನನ್ನ ಅಡಿಗೆಮನೆಯ ಮೇಲೆ ಸಂಶಯಪಟ್ಟಾಗ ಮಾತ್ರ ನನಗೆ ಸಿಟ್ಟು ನೆತ್ತಿಗೇರಿತು.

ಮಗಳು ಛತ್ರಪತಿ ಸಂಭಾಜಿನಗರದಲ್ಲಿರುತ್ತಾಳೆ. ಗಂಡ ಹೆಂಡತಿ ಇಬ್ಬರಿಗೂ ನೌಕರಿ, ಒಬ್ಬಳೇ ಕೂಸು, ಎಂಟು ವರ್ಷದವಳು. ಈ ಮೊಮ್ಮಗಳಿಗೆ ಗೋಧಿ ಆಗಿಬರುವುದಿಲ್ಲ. ಒಂದು ತುಣುಕು ಚಪಾತಿ ಹೊಟ್ಟೆಗೆ ಹೋದರೂ ನೋವು, ಭೇದಿ, ಆಮೇಲೆ ವಾರಗಟ್ಟಲೆ ಊಟ ಸೇರುವುದಿಲ್ಲ. ಜೀವನಪೂರ್ತಿ ಗೋಧಿ ಮುಟ್ಟುವ ಹಾಗಿಲ್ಲ ಎಂದರು ಡಾಕ್ಟರು. ಮಗಳು ಅವತ್ತೇ ಮನೆಯಲ್ಲಿದ್ದ ಗೋಧಿಯನ್ನೆಲ್ಲ ಹಂಚಿಬಿಟ್ಟಳು. ಆದರೂ ಹುಡುಗಿಯ ನೋವು ಪೂರ್ತಿ ಹೋಗಲಿಲ್ಲ. ನಾಲ್ಕು ದಿನ ಚೆನ್ನಾಗಿ ಆಡಿಕೊಂಡಿರುವುದು, ಮತ್ತೆ ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಕೂಡುವುದು. ಎಲ್ಲಿಂದಲೋ ಗೋಧಿ ಹೋಗುತ್ತಲೇ ಇದೆ, ಹುಡುಕಿರಿ ಎಂದರು ಡಾಕ್ಟರು.

ಮಗಳ ಅನುಮಾನ ಗಿರಣಿಯ ಮೇಲೆ ಬಿತ್ತು. ಒಂದೇ ಕಲ್ಲಿನಲ್ಲಿ ಮೊದಲು ಯಾರದೋ ಗೋಧಿ ಬೀಸಿ, ಅದರ ಬೆನ್ನಿಗೇ ನಮ್ಮ ಜೋಳ ಹಾಕುತ್ತಾರಲ್ಲ, ಅಲ್ಲಿಂದಲೇ ಬರುತ್ತಿರಬೇಕು. ಹೀಗಾಗಿ ಜೋಳ ಹೋಯಿತು, ಸಜ್ಜೆ ಹೋಯಿತು, ಅಕ್ಕಿಯೂ ಹೋಯಿತು. ಧಾನ್ಯವೆಂದು ಹೆಸರಿದ್ದುದು ಯಾವುದೂ ಬೇಡ ಎಂದು ಮಗಳು ಠರಾವು ಮಾಡಿದಳು. ರೊಟ್ಟಿ ತಿಂದು ಬೆಳೆದ ಮನೆತನದ ಕೂಸು ಬರೀ ಬೇಳೆ, ಕಾಯಿಪಲ್ಲೆ, ಆಲೂಗಡ್ಡೆಯ ಮೇಲೆ ದಿನ ಕಳೆಯುವುದನ್ನು ನೋಡಿ ನನ್ನ ಕರುಳು ಚುರ್ ಎನ್ನುತ್ತಿತ್ತು.

ದೀಪಾವಳಿ ರಜೆಗೆ ಹುಡುಗಿ ನಮ್ಮಲ್ಲಿಗೆ ಬಂದಳು. ಮಗಳು ಹೇಳಿದ ಹಾಗೆಯೇ ಮಾಡಿದೆ, ಗೋಧಿ ಹಿಟ್ಟಿನ ಡಬ್ಬಿಯನ್ನು ಮಾಳಿಗೆಗೆ ಸಾಗಿಸಿದ್ದೆ. ಆದರೂ ಒಂದು ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ನಮ್ಮವರು ಮಜ್ಜಿಗೆಗೆ ಜೀರಿಗೆ, ಇಂಗು ಹಾಕಿ ಕುಡಿಸಿದರು. ನಾನು ಹೊಕ್ಕಳ ಸುತ್ತ ಇಂಗಿನ ನೀರು ಸವರಿದೆ. ನನ್ನ ಅವ್ವ ನನಗೆ ಮಾಡಿದ ಮದ್ದು, ನಾನು ಮಗಳಿಗೆ ಮಾಡಿದ ಮದ್ದು. ನೋವು ಇಳಿಯಲಿಲ್ಲ, ಜಾಸ್ತಿಯಾಯಿತು. ಮಗಳು ಸಂಭಾಜಿನಗರದಿಂದ ಬಂದು ಕರೆದುಕೊಂಡು ಹೊರಟಳು.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಹೇಳಿದಳು: "ಅವ್ವಾ, ನಿಮ್ಮ ಮನ್ಯಾಗ ಏನೋ ಅದ. ಅದು ಸಿಗೋತನ ಇಕಿನ್ನ ಇಲ್ಲಿ ಬಿಡಂಗಿಲ್ಲ. ಮೇ ರಜಾಕ್ಕೂ ಕಳಸಂಗಿಲ್ಲ."

ನಿಮ್ಮ ಮನಿ ಎಂದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಅದು ನಮ್ಮ ಮನಿ ಅಲ್ಲದ್ದಾಯಿತು. ಬಸ್ಸು ಹೋದ ಮೇಲೆ ನಾನು ಅಡಿಗೆಮನೆಯಲ್ಲಿ ಕೂತು ಅತ್ತೆ. ಮೊಮ್ಮಗಳು ರಜೆಗೂ ಬಾರದ ಮನೆಯಲ್ಲಿ ಇನ್ನು ಯಾರಿಗೆಂದು ಒಲೆ ಹೊತ್ತಿಸಬೇಕು?

ಅತ್ತು ಮುಗಿದ ಮೇಲೆ ಸಂಶಯ ಶುರುವಾಯಿತು. ಮೊದಲ ಆರೋಪಿ ನಮ್ಮವರೇ. ದಿನಾ ಸಂಜೆ ಹುಡುಗಿಯ ಕೈ ಹಿಡಿದು ಕ್ಯಾಂಪಿನ ಬಜಾರಿಗೆ ತಿರುಗಾಡಲು ಹೋಗುತ್ತಿದ್ದರು. ಬಜಾರಿನಲ್ಲಿ ಬೇಕರಿ ಇದೆ, ಬೇಕರಿಯಲ್ಲಿ ಬೆಣ್ಣೆ ಪಾವು ಇದೆ. ಅವರ ಅಂಗಿಯ ಕಿಸೆ ತಿರುವಿ ಝಾಡಿಸಿದೆ. ಪುಡಿ ಬಿತ್ತು.

"ಇದೇನ್ರೀ?" ಎಂದು ಅಂಗೈ ಚಾಚಿದೆ.

"ಬಿಸ್ಕೀಟಿನ ಪುಡಿ," ಎಂದರು. "ನಾ ತಿಂದೀನಿ. ತಿಂದು, ನಳದಾಗ ಕೈ ತೊಳಕೊಂಡು, ಆಮ್ಯಾಲ ಆಕಿ ಕೈ ಹಿಡದೀನಿ. ಆಕಿಗಿ ಒಂದ್ ಕಣಾ ಕೊಟ್ಟಿಲ್ಲ."

"ದೇವರಾಣಿ?"

"ಲಿಂಗ ಮುಟ್ಟಿ ಹೇಳ್ಲೇನು?"

ಅವರು ಕೊರಳಿನ ಲಿಂಗಕ್ಕೆ ಕೈ ಹಾಕಿದರು. ನಾನು ಬೇಡ ಎಂದೆ. ಆದರೂ ಅವರ ಅಂಗಿಗಳನ್ನು ಬೇರೆ ಬಕೆಟಿನಲ್ಲಿ ನೆನೆಹಾಕತೊಡಗಿದೆ. ಮನೆಗೆಲಸದವಳ ಕೈಗಳನ್ನೂ ಎರಡು ಸಲ ತೊಳೆಸಿದೆ. ಅವಳು ಪಾಪ ತೊಳೆದುಕೊಂಡಳು, ಆದರೆ ಬಾಯಿತುಂಬ ಮಾತಾಡುವುದನ್ನು ಬಿಟ್ಟಳು.

ಅಷ್ಟರಲ್ಲಿ ಒಂದು ಸಂಜೆ ಹುಡುಗಿಯ ಫೋನ್ ಬಂತು. ಗೆಳತಿಯ ಹುಟ್ಟುಹಬ್ಬದಲ್ಲಿ ಎಲ್ಲರಿಗೂ ಬರ್ಗರ್ ಕೊಟ್ಟರಂತೆ. ಇವಳು ಮನೆಯಿಂದ ಒಯ್ದ ಹುರಿದ ಮಖಾನಾ, ಅದೇ ತಾವರೆ ಬೀಜದ ಅರಳು, ತಿನ್ನುತ್ತ ಕೂತಿದ್ದಳಂತೆ. ನಮ್ಮ ಹುಡುಗಿಗೆ ಕನ್ನಡ ತಿಳಿಯುತ್ತದೆ, ಬಾಯಿಂದ ಬರುವುದು ಮರಾಠಿ. "ಆಜೀ, ತುಲಾ ಬರ್ಗರ್ ಕರತಾ ಯೇತೋ ಕಾ?" ಎಂದು ಕೇಳಿದಳು. ನನಗೆ ಮಾಡಲು ಬರುತ್ತದೆಯೇ ಅಂತ. ನಾನು ಜನ್ಮದಲ್ಲಿ ಬರ್ಗರ್ ಮಾಡಿದವಳಲ್ಲ, ತಿಂದವಳೂ ಅಲ್ಲ. ಬರ್ತದವ್ವಾ ಎಂದುಬಿಟ್ಟೆ.

ಧಾನ್ಯವಿಲ್ಲದ ಬನ್ನನ್ನು ಮೊಬೈಲಿನಲ್ಲಿ ಹುಡುಕಿದರೆ ಎಲ್ಲರೂ ಮೊಟ್ಟೆ ಒಡೆಯುವವರೇ. ನಮ್ಮದು ಮೊಟ್ಟೆ ನಡೆಯದ ಮನೆ. ಒಬ್ಬಳು ಮಾತ್ರ ಮೊಟ್ಟೆಯ ಬದಲು, ಮಲಬದ್ಧತೆಗೆ ಕುಡಿಯುತ್ತಾರಲ್ಲ, ಆ ಇಸಬ್ಗೋಲ್ ಹಾಕಿ ತೋರಿಸಿದಳು. ಹಾಕುವ ಮುಂಚೆಯೂ ನಕ್ಕಳು, ಹಾಕಿದ ಮೇಲೂ ನಕ್ಕಳು. ಅಷ್ಟು ನಗುವವರ ಮೇಲೆ ನನಗೆ ನಂಬಿಕೆ ಕಡಿಮೆ. ಆದರೆ ಬೇರೆ ದಾರಿಯಿರಲಿಲ್ಲ. ಪಂಚವಟಿಯ ಅಂಗಡಿಯಲ್ಲಿ ಬದಾಮಿ ಹಿಟ್ಟು ಸಿಗುತ್ತಿತ್ತು, ತರಲಿಲ್ಲ; ಹಿಟ್ಟಿನಲ್ಲಿ ಏನು ಬೆರೆಸಿದ್ದಾರೋ ಬಲ್ಲವರಾರು. ಇಡೀ ಬದಾಮಿ ತಂದು ಮಿಕ್ಸಿಯಲ್ಲಿ ಪುಡಿ ಮಾಡಿದೆ. ಇಸಬ್ಗೋಲನ್ನು ಔಷಧಿ ಅಂಗಡಿಯಿಂದ ದೊಡ್ಡ ಪೊಟ್ಟಣವೇ ತಂದೆ. ಅಂಗಡಿಯವನು ನಮ್ಮವರತ್ತ ಮರುಕದಿಂದ ನೋಡಿ, ರಾತ್ರಿ ಬಿಸಿನೀರಿನಲ್ಲಿ ತೆಗೆದುಕೊಳ್ಳಿ ಎಂದು ಸಲಹೆ ಕೊಟ್ಟ. ನಮ್ಮವರು ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದರು.

ಮೊದಲ ಬನ್ನು ಓವನ್ನಿನಿಂದ ಹೊರಗೆ ಬಂದಾಗ ನೇರಳೆ ಬಣ್ಣಕ್ಕೆ ತಿರುಗಿತ್ತು. "ಇದು ಬನ್ನೋ ಬದನಿಕಾಯೋ?" ಎಂದರು ನಮ್ಮವರು. ಇಸಬ್ಗೋಲಿನದೇ ಆ ಗುಣ ಎಂದು ಆಮೇಲೆ ತಿಳಿಯಿತು, ಅಂಗಡಿ ಬದಲಿಸಿದ ಮೇಲೆ ಬಣ್ಣ ಸರಿಹೋಯಿತು. ಎರಡನೆಯ ಸಲ ಚೆನ್ನಾಗಿ ಉಬ್ಬಿತು, ಹೊರಗೆ ತೆಗೆದಿಟ್ಟ ಮೇಲೆ ಕುಸಿದು ಕೂತಿತು. ಅದೇ ಹೊತ್ತಿಗೆ ಕ್ಯಾಂಪಿನ ಮಿಲಿಟರಿಯವರ ಅಭ್ಯಾಸದ ತೋಪು ಹಾರಿ ಕಿಟಕಿ ಗಾಜು ಅದುರಿತ್ತು. ಎರಡು ದಿನ ನಾನು ತೋಪನ್ನೇ ಬೈದೆ. ಮೂರನೆಯ ಸಲ ಬದಾಮಿ ಬದಲು ಶೇಂಗಾ ಹಾಕಿದೆ, ಮನೆಯೆಲ್ಲ ಶೇಂಗಾ ಹೋಳಿಗೆಯ ವಾಸನೆ. ಹಾಗೆ ಕೆಡಿಸಿ ಕೆಡಿಸಿಯೇ ಕಲಿತೆ. ನೀರು ಕುದಿಯುತ್ತಿರಬೇಕು. ಕಲಸಿದ ಮೇಲೆ ಅದು ಬಿಗಿಯಾಗುವ ತನಕ ಮುಟ್ಟಬಾರದು. ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಬೇಕು. ಮೇಲೆ ಕೆಂಪಾಯಿತೆಂದು ನಂಬಿ ಹೊರಗೆ ತೆಗೆದರೆ ಒಳಗೆ ಅಂಟು ಅಂಟು. ಮೇಲಿನ ಬಣ್ಣ ನಂಬಬಾರದು ಎನ್ನುವುದು ನನಗೆ ಹಿಡಿಸಿತು.

ಬನ್ನು ಒಂದು ಹದಕ್ಕೆ ಬಂದ ಮೇಲೆ ಮಗಳಿಗೆ ಫೋನ್ ಮಾಡಿದೆ. "ಶಿವರಾತ್ರಿಗಿ ಬಾ. ಅವತ್ತು ನಮ್ಮ ಮನ್ಯಾಗ ಒಬ್ಬರೂ ಧಾನ್ಯ ಮುಟ್ಟಂಗಿಲ್ಲ, ಒಪ್ಪತ್ತು. ನೀನೇ ಬಂದು ಕಾವಲ ಕೂಡು."

ಬಂದಳು. ಹುಡುಗಿಯನ್ನೂ ಕರೆತಂದಳು. ಜೊತೆಗೆ ಒಂದು ಚೀಲ. ಅದರಿಂದ ತನ್ನದೇ ತವಾ, ತನ್ನದೇ ಈಳಿಗೆ ಮಣೆ, ತನ್ನದೇ ಉಪ್ಪು, ಮುಚ್ಚಳ ಬಿಗಿದ ತನ್ನದೇ ಮಸಾಲೆ ಡಬ್ಬಿಗಳನ್ನು ತೆಗೆದು ನನ್ನ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು.

"ಉಪ್ಪಿನಾಗ ಗೋಧಿ ಬೆಳೀತದೇನು?" ಎಂದೆ.

"ಬೆಳೀಲಿಲ್ಲಂದ್ರ ಛಲೋ ಆತು," ಎಂದು ಸ್ಟೂಲು ಎಳೆದುಕೊಂಡು ಒಲೆಯ ಪಕ್ಕ ಕೂತಳು. ಕಣ್ಣು ನನ್ನ ಕೈಗಳ ಮೇಲೆ. ಹಾಲಿನವನಿಗೆ ನನ್ನ ಎದುರು ಹೇಗೆ ಅನ್ನಿಸುತ್ತಿರಬಹುದು ಎಂದು ಅವತ್ತು ಮೊದಲ ಸಲ ಹೊಳೆಯಿತು.

ಬನ್ನುಗಳಿಗೆ ಎಳ್ಳು ಉದುರಿಸಿ ಓವನ್ನಿನಲ್ಲಿ ಇಟ್ಟೆ. ಒಳಗೆ ಇಡುವ ಟಿಕ್ಕಿಗೆ ಆಲೂಗಡ್ಡೆ ಹಿಸುಕಿ, ಹಸಿಮೆಣಸು, ಜೀರಿಗೆ ಹಾಕಿದೆ. ಪಡಸಾಲೆಯಲ್ಲಿ ಹುಡುಗಿ ಅಜ್ಜನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು.

"ಅವ್ವಾ, ಚಿಟಿಕಿ ಇಂಗ ಹಾಕು," ಎಂದಳು ಮಗಳು. "ಆಲೂಗಡ್ಡಿ ವಾಯು ಆಗ್ತದ ಆಕಿಗಿ. ನಿಂದು ಬ್ಯಾಡ, ಇದು ತಗೋ." ತನ್ನ ಸಾಲಿನಿಂದ ಒಂದು ಸಣ್ಣ ಡಬ್ಬಿ ನನ್ನತ್ತ ಸರಿಸಿದಳು.

"ಇವತ್ತ ಇಂಗ ನಡ್ಯಂಗಿಲ್ಲ. ಒಪ್ಪತ್ತದ."

"ಯಾಕ ನಡ್ಯಂಗಿಲ್ಲ?"

"ಇಂಗಿಗಿ ಹಿಟ್ಟ ಕೂಡಿಸಿರ್ತಾರ. ನಮ್ಮವ್ವ ಹಂಗೇ ಅಂತಿದ್ಲು," ಎಂದೆ. ಆಲೂಗಡ್ಡೆ ಹಿಸುಕುತ್ತಲೇ ಇದ್ದೆ. ಐವತ್ತು ವರ್ಷದಿಂದ ಪಾಲಿಸಿಕೊಂಡು ಬಂದ ಮಾತು. ಅದನ್ನು ಹೇಳುವಾಗ ಯೋಚಿಸಬೇಕಾಗಿರಲಿಲ್ಲ.

"ಯಾವ ಹಿಟ್ಟು?"

ಆಗ ನನ್ನ ಕೈ ನಿಂತಿತು.

ಮಗಳು ಡಬ್ಬಿ ತಿರುಗಿಸಿದಳು. ಅದರ ಮೇಲೆ ಏನೂ ಬರೆದಿರಲಿಲ್ಲ. ನನ್ನದನ್ನೂ ಕಪಾಟಿನಿಂದ ತೆಗೆದು ತಿರುಗಿಸಿದಳು, ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು ಎಂದಿತ್ತು. ಎರಡರೊಳಗೂ ಒಂದೇ ಇಂಗು. ಅವಳ ಡಬ್ಬಿಯನ್ನು ತುಂಬಿ ಕಳಿಸುತ್ತಿದ್ದವಳೂ ನಾನೇ. ಬರೀ ಇಂಗು ಬಹಳ ಘಾಟು ಎಂದು ಅದರಲ್ಲಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಗಿರಣಿ ಬಿಟ್ಟೆವು, ಜೋಳ ಬಿಟ್ಟೆವು, ಮುದುಕನ ಕಿಸೆ ಝಾಡಿಸಿದೆವು. ಬೇಳೆಯ ಒಗ್ಗರಣೆಗೆ ದಿನವೂ ಹಾಕುತ್ತಿದ್ದುದನ್ನು ಯಾರೂ ನೋಡಲಿಲ್ಲ.

ಗೋಧಿ ಇದ್ದದ್ದು ನನ್ನ ಮನೆಯಲ್ಲಷ್ಟೇ ಅಲ್ಲ, ಅವಳ ಚೀಲದಲ್ಲೂ ಇತ್ತು. ಬೇರೆ ದಿನವಾಗಿದ್ದರೆ ಅದನ್ನು ನಾನು ಮೂರು ಸಲ ಹೇಳಿ ತೋರಿಸುತ್ತಿದ್ದೆ. ಆದರೆ ಮಗಳ ಮುಖ ನೋಡಿ, ಎರಡೂ ಡಬ್ಬಿಗಳನ್ನು ಕಸದ ಬುಟ್ಟಿಗೆ ಹಾಕಿದೆ.

"ಹೊಟ್ಟಿ ನೋವು ಅಂದಾಗೆಲ್ಲಾ ಮಜ್ಜಿಗ್ಯಾಗ ಹಾಕಿ ನಾನೇ ಕೊಟ್ಟೀನಿ ಅವ್ವಾ," ಎಂದಳು. "ಬ್ಯಾಡ ಅಂದ್ರೂ ಮೂಗ ಹಿಡದು ಕುಡಸೀನಿ."

"ನಾವೂ ಕುಡಸೀವಿ," ಎಂದರು ನಮ್ಮವರು. ಬಾಗಿಲಿಗೆ ಯಾವಾಗ ಬಂದು ನಿಂತಿದ್ದರೋ ಗೊತ್ತಿಲ್ಲ. ಈ ಮನುಷ್ಯನ ಕಿಸೆಯಲ್ಲಿ ಕೈ ಹಾಕಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಬನ್ನು ಕೆಂಪಾಗಿ ಬಂದವು. ಇಂಗಿಲ್ಲದ ಟಿಕ್ಕಿ ಇಟ್ಟು, ಮೇಲೊಂದು ತುಣುಕು ಪನೀರ್ ಇಟ್ಟು ಕೊಟ್ಟೆ. ಹುಡುಗಿ ಎರಡೂ ಕೈಯಲ್ಲಿ ಹಿಡಿದು, ಬಾಯಿ ಪೂರ್ತಿ ತೆರೆದು ಕಚ್ಚಿದಳು. ಗೆಳತಿಯರು ಹೇಗೆ ಹಿಡಿದಿದ್ದರೋ ಹಾಗೆ ಹಿಡಿದಿದ್ದಳು, ನೋಡಿ ಇಟ್ಟುಕೊಂಡಿದ್ದಳೆಂದು ಕಾಣುತ್ತದೆ. ತಿಂದು ಮುಗಿಸಿ ಬೆರಳು ನೆಕ್ಕಿಕೊಂಡಳು.

ಮಗಳು ಒಂದು ಲೋಟ ಮಜ್ಜಿಗೆ ತಂದಳು, ಉಪ್ಪು ಮಾತ್ರ ಹಾಕಿದ್ದು. ಲೋಟ ಕಂಡದ್ದೇ ಹುಡುಗಿ ಹಿಂದೆ ಸರಿದಳು.

"ಮಾಝಂ ಪೋಟ ನಾಹೀ ದುಖತ, ಆಯೀ," ಎಂದಳು. ಹೊಟ್ಟೆ ನೋಯುತ್ತಿಲ್ಲ ಅಂತ. ಯಾರೂ ಕೇಳಿರಲಿಲ್ಲ.

ಎಷ್ಟು ಸಲ ಹೀಗೆ ನೋವು ನುಂಗಿಕೊಂಡಿದ್ದಳೋ. ಆ ಸಂಶಯ ಒಂದು ನನಗೆ ಇನ್ನೂ ಹೋಗಿಲ್ಲ.

"ಬರೇ ಮಜ್ಜಿಗಿ ಅದ ನನ್ನ ಕೂಸ," ಎಂದಳು ಮಗಳು. "ಏನೂ ಹಾಕಿಲ್ಲ. ಇನ್ನ ಹಾಕಂಗಿಲ್ಲ."

ಹುಡುಗಿ ಲೋಟ ಇಸಿದುಕೊಂಡು ಮೂಸಿ ನೋಡಿದಳು. ತಾಯಿಯನ್ನು ನೋಡಿದಳು, ಅಜ್ಜನನ್ನು ನೋಡಿದಳು, ನನ್ನನ್ನು ನೋಡಿದಳು. ಇನ್ನೊಮ್ಮೆ ಮೂಸಿದಳು. ಆಮೇಲೆ ಕುಡಿದಳು.

ಮರುದಿನ ಹೊರಡುವಾಗ ಮಗಳು ಚೀಲ ತುಂಬುತ್ತಿದ್ದಳು. ತವಾ ಕಟ್ಟೆಯ ಮೇಲೆ ಉಳಿದದ್ದು ಕಂಡು, ಮರೆತಳೇನೋ ಎಂದು ಎತ್ತಿಕೊಟ್ಟೆ.

"ಇರ್ಲಿ ಅವ್ವಾ, ನಮ್ಮ ಮನ್ಯಾಗೇ ಇರ್ಲಿ," ಎಂದಳು. "ಮೇದಾಗ ಆಕಿ ಬರ್ತಾಳಲ್ಲ."