ಎಷ್ಟ್ ತಾಸಾತು, ಹೇಳ್ರಿ

ಜೇವರ್ಗಿಯ ಆಸ್ಪತ್ರೆಯಲ್ಲಿದ್ದ ಆ ಆಪ್ತಸಮಾಲೋಚಕಿ ಮಾತಿಗೆ ಮುನ್ನ ಕೈಗಡಿಯಾರ ಬಿಚ್ಚಿ, ಎದುರಿಗಿದ್ದವರಿಗೆ ಕಾಣುವಂತೆ ಮೇಜಿನ ಮೇಲಿಡುತ್ತಿದ್ದರು. “ಎಷ್ಟ್ ತಾಸಾತು, ಹೇಳ್ರಿ. ಕಥಿ ಆಮ್ಯಾಲ” ಎನ್ನುವುದು ಅವರ ರೂಢಿ.

ನಿರೋಧ್ ಇಲ್ಲದೆ ಒಬ್ಬಳೊಡನೆ ಕೂಡಿ ನನಗೆ ಎರಡು ದಿನವಾಗಿತ್ತು. ನಮ್ಮೂರು ಆಳಂದದ ಆಸ್ಪತ್ರೆಯಲ್ಲಿ ಬಳಗದವರು ಕಂಡಾರೆಂದು ಎರಡು ಬಸ್ಸು ಬದಲಿಸಿ ಬಂದಿದ್ದೆ. ಅದನ್ನೂ ಹೇಳಿದೆ.

“ಜೇವರ್ಗಿಯವ್ರು ಆಳಂದಕ್ಕ ಹೋಗ್ತಾರ್ರಿ,” ಎಂದರು, ನಗದೆ. “ತಾಸೆಲ್ಲ ಬಸ್ಸಿನ್ಯಾಗ ಹೋಗ್ತಾವ.”

ಎಚ್‌ಐವಿ ತಡೆಯುವ ಗುಳಿಗೆಯನ್ನು ಎಪ್ಪತ್ತೆರಡು ತಾಸಿನೊಳಗೆ, ಎಷ್ಟು ಬೇಗವಾದರೆ ಅಷ್ಟು ಬೇಗ ಶುರುಮಾಡಿ, ಇಪ್ಪತ್ತೆಂಟು ದಿನ ತಪ್ಪದೆ ನುಂಗಬೇಕಂತೆ. ನುಂಗಿದರೆ ಆಕೆಯನ್ನು ಅನುಮಾನಿಸಿದಂತೆ. ನುಂಗದಿದ್ದರೆ?

“ಆಕಿ ಮ್ಯಾಲ ಸಂಶಯ ಇಲ್ರಿ. ಆದ್ರ ಅಂಜಿಕಿ ಆಗ್ಯಾದ.”

“ಆಕಿ ರಕ್ತ ತಪಾಸ್ ಮಾಡ್ಸ್ಯಾಳೇನ್ರಿ?”

“ಗೊತ್ತಿಲ್ರಿ.”

ಅವರು ಗಡಿಯಾರವನ್ನು ಬೆರಳಿನಿಂದ ನನ್ನತ್ತ ಇನ್ನಷ್ಟು ತಳ್ಳಿದರು. “ಹಂಗಾದ್ರ ಗುಳಿಗಿ ನುಂಗಿ ವಿಚಾರ ಮಾಡ್ರಿ. ವಿಚಾರಕ್ಕ ಇಪ್ಪತ್ತೆಂಟು ದಿನ ಅದಾವ.”

ಡಾಕ್ಟರು ಬರೆದುಕೊಟ್ಟ ಮೊದಲ ಗುಳಿಗೆಯನ್ನು ಆ ಸಮಾಲೋಚಕಿಯ ಎದುರಿಗೇ ನುಂಗಿದೆ. ಗೊಂದಲ ಹಾಗೆಯೇ ಇತ್ತು. ಅವರು ಮಾತ್ರ ಗಡಿಯಾರವನ್ನು ಎತ್ತಿ ಮತ್ತೆ ಕೈಗೆ ಕಟ್ಟಿಕೊಂಡರು.